ಪೈಥಾನ್ ಕಲಿಯುವ ವರ್ತಕರಿಗೆ: ಯಂತ್ರ ತೋರಿಸಿಕೊಡದ ತಪ್ಪುಗಳು

ಕಿರ್ದಿ, ಖಾತೆ ಮತ್ತು ದಾಸ್ತಾನು ಪುಸ್ತಕಗಳ ಸ್ಥಾನವನ್ನು ಗಣಕಯಂತ್ರವು ಆಕ್ರಮಿಸಿ ಬಹುಕಾಲವಾಯಿತು. ಸಿದ್ಧ ಲೆಕ್ಕಪತ್ರ ತಂತ್ರಾಂಶಗಳು ಇಂದು ಸಣ್ಣ ಪಟ್ಟಣದ ಅಂಗಡಿಯಲ್ಲಿಯೂ ಬಳಕೆಯಲ್ಲಿವೆ. ಆದರೂ ಪ್ರತಿಯೊಂದು ವ್ಯವಹಾರಕ್ಕೂ ತನ್ನದೇ ಆದ ಕೆಲವು ಲೆಕ್ಕಗಳಿರುತ್ತವೆ. ಹತ್ತಾರು ಸರಬರಾಜುದಾರರ ದರಪಟ್ಟಿಗಳನ್ನು ಹೋಲಿಸುವುದು, ಗಿರಾಕಿವಾರು ಬಾಕಿ ಎಷ್ಟು ದಿನಗಳಿಂದ ಉಳಿದಿದೆ ಎಂದು ವಿಂಗಡಿಸುವುದು, ಯಂತ್ರವಾರು ಉತ್ಪಾದನೆ ಹಾಗೂ ಕಚ್ಚಾವಸ್ತುವಿನ ನಷ್ಟವನ್ನು ಲೆಕ್ಕ ಹಾಕುವುದು ಮುಂತಾದ ಕೆಲಸಗಳು ಸಿದ್ಧ ತಂತ್ರಾಂಶದ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ಇಂತಹ ಸಂದರ್ಭದಲ್ಲಿ ಮಾಲೀಕರೇ, ಮನೆಯ ಓದುವ ಮಕ್ಕಳೇ ಅಥವಾ ಕಚೇರಿಯ ಗುಮಾಸ್ತರೇ ಒಂದು ಚಿಕ್ಕ ಪ್ರೋಗ್ರಾಂ ಬರೆದುಕೊಳ್ಳುವ ರೂಢಿ ಬೆಳೆಯುತ್ತಿದೆ. ಅದಕ್ಕೆ ಹೆಚ್ಚಾಗಿ ಆರಿಸಿಕೊಳ್ಳುವ ಭಾಷೆಗಳಲ್ಲಿ ಪೈಥಾನ್ ಪ್ರಮುಖವಾದುದು.

ನೆದರ್ಲೆಂಡ್ಸ್ ದೇಶದ ಗೀಡೊ ವಾನ್ ರೋಸಮ್ ಅವರು ರೂಪಿಸಿದ ಈ ಭಾಷೆಯು 1991ರಲ್ಲಿ ಮೊದಲು ಸಾರ್ವಜನಿಕರಿಗೆ ದೊರೆಯಿತು. ಇದರ ಹೆಸರು ಹೆಬ್ಬಾವಿನಿಂದ ಬಂದುದಲ್ಲ. ಬ್ರಿಟಿಷ್ ದೂರದರ್ಶನದ ಒಂದು ಹಾಸ್ಯ ಕಾರ್ಯಕ್ರಮದಿಂದ ಬಂದುದು. ಇದನ್ನು ಬಳಸಲು ಪರವಾನಗಿ ಶುಲ್ಕವಿಲ್ಲ, ಕಲಿಯಲು ಕಠಿಣವೂ ಅಲ್ಲ. ಆದರೆ ಕಲಿಕೆಯ ಸುಲಭತೆಯೇ ಕೆಲವೊಮ್ಮೆ ಅಪಾಯಕ್ಕೆ ದಾರಿಯಾಗುತ್ತದೆ.

ಆರಂಭಿಕರು ಮಾಡುವ ತಪ್ಪುಗಳಲ್ಲಿ ಎರಡು ವಿಧಗಳಿವೆ. ಮೊದಲನೆಯ ವಿಧದ ತಪ್ಪಿನಲ್ಲಿ ಪ್ರೋಗ್ರಾಂ ನಿಂತುಹೋಗಿ ಕೆಂಪು ಅಕ್ಷರಗಳಲ್ಲಿ ದೋಷವನ್ನು ಸಾರುತ್ತದೆ. ಇದರಿಂದ ಬೇಸರವಾಗಬಹುದೇ ಹೊರತು ನಷ್ಟವಿಲ್ಲ. ಎರಡನೆಯ ವಿಧದ ತಪ್ಪಿನಲ್ಲಿ ಪ್ರೋಗ್ರಾಂ ಎಲ್ಲಿಯೂ ನಿಲ್ಲದೆ ಓಡಿ, ಅಚ್ಚುಕಟ್ಟಾದ ಉತ್ತರವನ್ನು ಮುದ್ರಿಸುತ್ತದೆ. ಆದರೆ ಆ ಉತ್ತರ ಸರಿಯಲ್ಲ. ವರ್ತಕನಿಗೆ ಹಾನಿ ಮಾಡುವುದು ಈ ಎರಡನೆಯ ವಿಧ. ಆದುದರಿಂದ ಪ್ರಸ್ತುತ ಲೇಖನದಲ್ಲಿ ಹೆಚ್ಚಾಗಿ ಅವುಗಳನ್ನೇ ಪರಿಶೀಲಿಸಲಾಗಿದೆ. ಓದುಗರ ಅನುಕೂಲಕ್ಕಾಗಿ ಆಜ್ಞೆಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಯಂತ್ರಕ್ಕೆ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಕೊಡಬೇಕು.

ಯಾವ ಆವೃತ್ತಿಯನ್ನು ಕಲಿಯಬೇಕು?

ಪೈಥಾನ್ 3 ಎಂಬ ಆವೃತ್ತಿಯನ್ನೇ ಕಲಿಯಬೇಕು. ಇದು 2008ರ ಡಿಸೆಂಬರ್‌ನಲ್ಲಿ ಹೊರಬಂದಿತು. ಹಿಂದಿನ ಪೈಥಾನ್ 2ಕ್ಕೆ ನೀಡುತ್ತಿದ್ದ ಬೆಂಬಲವು 2020ರ ಜನವರಿ 1ಕ್ಕೆ ಮುಕ್ತಾಯಗೊಂಡಿತು. ಹಳೆಯ ಪುಸ್ತಕಗಳಲ್ಲಿನ ಉದಾಹರಣೆಗಳನ್ನು ಹಾಗೆಯೇ ನಕಲು ಮಾಡಿದರೆ ಕೆಲವು ಕಡೆ ಪ್ರೋಗ್ರಾಂ ನಿಂತುಹೋಗುತ್ತದೆ, ಅದು ಒಳ್ಳೆಯದೇ. ಆದರೆ ಭಾಗಾಕಾರದ ವಿಷಯದಲ್ಲಿ ಅದು ನಿಲ್ಲುವುದಿಲ್ಲ. 100 ನಗಗಳನ್ನು ಪೆಟ್ಟಿಗೆಗೆ 12ರಂತೆ ತುಂಬಿದರೆ ಪೂರ್ಣ ಪೆಟ್ಟಿಗೆಗಳು ಎಷ್ಟು ಎಂದು 100ನ್ನು 12ರಿಂದ ಭಾಗಿಸಿದಾಗ, ಪೈಥಾನ್ 2ರಲ್ಲಿ ಬರುತ್ತಿದ್ದ ಉತ್ತರ 8. ಪೈಥಾನ್ 3ರಲ್ಲಿ ಅದೇ ಸಾಲಿಗೆ 8.33 ಮುಂತಾದ ದಶಮಾಂಶ ಉತ್ತರ ಬರುತ್ತದೆ. ಪೂರ್ಣಾಂಕವೇ ಬೇಕಾದಲ್ಲಿ ಭಾಗಾಕಾರದ ಓರೆಗೆರೆಯನ್ನು ಎರಡು ಬಾರಿ ಹಾಕಬೇಕು.

ಅದು ಅಂಕಿಯೋ, ಅಕ್ಷರವೋ?

ಕೀಲಿಮಣೆಯಿಂದ ಮೊತ್ತವನ್ನು ಪಡೆಯಲು ಇನ್‌ಪುಟ್ ಎಂಬ ಆಜ್ಞೆಯಿದೆ. ಅದು ತಂದುಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರಗಳ ಸಾಲನ್ನು. ಗುಮಾಸ್ತರು 250 ಮತ್ತು 150 ಎಂದು ಒತ್ತಿ, ಪ್ರೋಗ್ರಾಂ ಅವೆರಡನ್ನು ಕೂಡಿಸಿದರೆ ಬರುವುದು 400 ಅಲ್ಲ, 250150. ಎರಡು ಚೀಟಿಗಳನ್ನು ಅಂಟಿಸಿದಂತೆ ಯಂತ್ರವು ಅವುಗಳನ್ನು ಜೋಡಿಸುತ್ತದೆ. ಇಷ್ಟು ದೊಡ್ಡ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಆದರೆ ಹೋಲಿಕೆಯಲ್ಲಿ ಅದು ಅಡಗಿಕೊಳ್ಳುತ್ತದೆ. ಅಕ್ಷರಗಳಾಗಿ ಹೋಲಿಸಿದಾಗ 950 ಎಂಬುದು 1200ಕ್ಕಿಂತ ದೊಡ್ಡದು. ಏಕೆಂದರೆ ಅಕಾರಾದಿಯ ಕ್ರಮದಂತೆ ಮೊದಲ ಅಕ್ಷರ 9, ಮೊದಲ ಅಕ್ಷರ 1ರ ನಂತರ ಬರುತ್ತದೆ. ಸರಬರಾಜುದಾರರ ದರಗಳಲ್ಲಿ ಅತಿ ಕಡಿಮೆಯದನ್ನು ಆರಿಸುವ ಪ್ರೋಗ್ರಾಂ ಹೀಗೆ 950ನ್ನು ಬಿಟ್ಟು 1200ನ್ನು ಆರಿಸಬಹುದು. ಆದ್ದರಿಂದ ಪಡೆದ ಕೂಡಲೇ ಅದನ್ನು ಸಂಖ್ಯೆಯಾಗಿ ಪರಿವರ್ತಿಸುವುದು ಅತ್ಯಗತ್ಯ.

ನಮ್ಮ ದೇಶದ ರೂಢಿಯಂತೆ ಅಲ್ಪವಿರಾಮ ಹಾಕಿ ಮೊತ್ತ ಬರೆಯುವವರು ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಪ್ರೋಗ್ರಾಂನಲ್ಲಿ ನೇರವಾಗಿ ಮೊತ್ತ = 1,25,000 ಎಂದು ಬರೆದರೆ ಪೈಥಾನ್ ಆಕ್ಷೇಪಿಸುವುದಿಲ್ಲ. ಅದನ್ನು ಒಂದು ಲಕ್ಷದ ಇಪ್ಪತ್ತೈದು ಸಾವಿರ ಎಂದು ಓದುವುದೂ ಇಲ್ಲ. 1, 25 ಮತ್ತು 0 ಎಂಬ ಮೂರು ಬೇರೆ ಬೇರೆ ಸಂಖ್ಯೆಗಳ ಗುಂಪು ಎಂದು ಸ್ವೀಕರಿಸುತ್ತದೆ. ಅದೇ 1,05,000 ಎಂದು ಬರೆದರೆ, ಸೊನ್ನೆಯಿಂದ ಆರಂಭವಾಗುವ 05 ಅದಕ್ಕೆ ಒಪ್ಪಿಗೆಯಾಗದೆ ದೋಷ ತೋರಿಸಿ ನಿಲ್ಲುತ್ತದೆ. ಒಂದೇ ಬಗೆಯ ತಪ್ಪಿನಲ್ಲಿ ಒಂದು ಬಾರಿ ಎಚ್ಚರಿಕೆ ದೊರೆಯುತ್ತದೆ, ಇನ್ನೊಂದು ಬಾರಿ ದೊರೆಯುವುದಿಲ್ಲ. ಮೊತ್ತವನ್ನು ಅಲ್ಪವಿರಾಮವಿಲ್ಲದೆ 125000 ಎಂದೇ ಬರೆಯುವುದು ಸುರಕ್ಷಿತ. ಮುದ್ರಿಸುವಾಗಲೂ ಪೈಥಾನ್‌ನ ಸಾಮಾನ್ಯ ಅಲ್ಪವಿರಾಮದ ಸೌಲಭ್ಯವು ಪಾಶ್ಚಾತ್ಯ ಕ್ರಮದಲ್ಲಿ ಮೂರು ಮೂರು ಅಂಕಿಗಳನ್ನು ವಿಂಗಡಿಸಿ 125,000 ಎಂದು ತೋರಿಸುತ್ತದೆ. ಲಕ್ಷ, ಕೋಟಿಯ ಕ್ರಮ ಬೇಕಾದರೆ ಅದನ್ನು ಪ್ರತ್ಯೇಕವಾಗಿ ಏರ್ಪಡಿಸಿಕೊಳ್ಳಬೇಕು.

ಸಂತೋಷದ ಸಂಗತಿಯೊಂದನ್ನೂ ಇಲ್ಲಿ ಹೇಳಬಹುದು. ಇನ್‌ಪುಟ್‌ನಲ್ಲಿ ಕನ್ನಡ ಅಂಕಿಗಳಲ್ಲಿ ೧೨೫ ಎಂದು ಒತ್ತಿದರೂ ಪೈಥಾನ್ 3ರ ಪರಿವರ್ತನೆಯ ಆಜ್ಞೆಯು ಅದನ್ನು 125 ಎಂದೇ ಸರಿಯಾಗಿ ಗ್ರಹಿಸುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಅಂಕಿಗಳಂತೆ ಕಂಡರೂ ಸಂಖ್ಯೆಗಳಲ್ಲದ ಕೆಲವು ವಿವರಗಳಿವೆ. ಸರಕು ಮತ್ತು ಸೇವಾ ತೆರಿಗೆಯಲ್ಲಿ ಬಳಸುವ ಎಚ್‌ಎಸ್‌ಎನ್ ಸಂಕೇತಗಳು ಇದಕ್ಕೆ ಉತ್ತಮ ಉದಾಹರಣೆ. ಕಾಫಿಗೆ 0901, ಕಾಳುಮೆಣಸಿಗೆ 0904, ಏಲಕ್ಕಿಗೆ 0908, ಅಡಿಕೆಗೆ 0802 ಎಂಬ ಶೀರ್ಷಿಕೆಗಳಿವೆ. ಮಲೆನಾಡಿನ ಈ ಬೆಳೆಗಳ ಸಂಕೇತಗಳೆಲ್ಲವೂ ಸೊನ್ನೆಯಿಂದಲೇ ಆರಂಭವಾಗುತ್ತವೆ. ಇವುಗಳನ್ನು ಸಂಖ್ಯೆಯಾಗಿ ಪರಿವರ್ತಿಸಿದರೆ ಸೊನ್ನೆ ಕಳಚಿ 901, 904 ಎಂದಾಗುತ್ತದೆ. ಕೋಷ್ಟಕದ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದಾಗಲೂ ಇದೇ ಪ್ರಮಾದ ನಡೆಯುತ್ತದೆ. ಕೂಡಿ ಕಳೆಯುವ ಅಗತ್ಯವಿಲ್ಲದ ಸಂಕೇತಗಳನ್ನೂ ದೂರವಾಣಿ ಸಂಖ್ಯೆಗಳನ್ನೂ ಅಕ್ಷರಗಳಾಗಿಯೇ ಉಳಿಸಿಕೊಳ್ಳಬೇಕೆಂಬ ನಿಯಮವನ್ನು ಪಾಲಿಸಿದರೆ ಸಾಕು.

ಪೈಸೆಯ ಲೆಕ್ಕ ಏಕೆ ಕೂಡಿಬರುವುದಿಲ್ಲ?

ಪೈಥಾನ್‌ಗೆ 0.1 ಮತ್ತು 0.2ನ್ನು ಕೂಡಲು ಹೇಳಿದರೆ ಬರುವ ಉತ್ತರ 0.30000000000000004. ಈ ಮೊತ್ತವು 0.3ಕ್ಕೆ ಸಮವೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ಹತ್ತು ಪೈಸೆಯನ್ನು 0.1 ಎಂದು ಹತ್ತು ಬಾರಿ ಒಂದೊಂದಾಗಿ ಕೂಡಿಸುತ್ತಾ ಹೋದರೆ ಪೂರ್ಣ ಒಂದು ರೂಪಾಯಿ ಬರುವುದಿಲ್ಲ. ಇದನ್ನು ಕಂಡ ಆರಂಭಿಕರು ಭಾಷೆಯಲ್ಲಿಯೇ ದೋಷವಿದೆಯೆಂದು ಭಾವಿಸುವುದುಂಟು. ಇದು ಪೈಥಾನ್‌ಗೆ ಮಾತ್ರ ಸೀಮಿತವಾದುದಲ್ಲ. ಯಂತ್ರಗಳು ಸಂಖ್ಯೆಗಳನ್ನು ಇರಿಸಿಕೊಳ್ಳುವ ಕ್ರಮದಿಂದ ಉಂಟಾಗುವುದು.

ಒಂದನ್ನು ಮೂರರಿಂದ ಭಾಗಿಸಿದರೆ 0.333 ಎಂದು ಕೊನೆಯಿಲ್ಲದೆ ಸಾಗುವುದು ನಮಗೆ ತಿಳಿದಿದೆ. ಯಂತ್ರವು ಎಲ್ಲವನ್ನೂ ಎರಡರ ಭಾಗಗಳಾಗಿ ಇರಿಸಿಕೊಳ್ಳುವುದರಿಂದ ಅದಕ್ಕೆ ಹತ್ತನೆಯ ಒಂದು ಭಾಗವೂ ಹಾಗೆಯೇ ಕೊನೆಯಿಲ್ಲದ್ದು. ನಮ್ಮ ಹಿರಿಯರ ಅರೆ, ಕಾಲು, ಅರೆಕಾಲು, ವೀಸದ ಲೆಕ್ಕವಾಗಿದ್ದರೆ ಯಂತ್ರಕ್ಕೆ ಯಾವ ತೊಡಕೂ ಇರುತ್ತಿರಲಿಲ್ಲ. ರೂಪಾಯಿಗೆ 16 ಆಣೆ ಇದ್ದ ಕಾಲದ ಒಂದು ಆಣೆಯನ್ನು ಅದು ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಇರಿಸಿಕೊಳ್ಳಬಲ್ಲದು. 1957ರ ಏಪ್ರಿಲ್ 1ರಂದು ಜಾರಿಗೆ ಬಂದ ದಶಮಾಂಶ ನಾಣ್ಯ ಪದ್ಧತಿಯ ಹತ್ತು ಪೈಸೆಯನ್ನು ಮಾತ್ರ ಅದು ಅಂದಾಜಾಗಿ ಇರಿಸಿಕೊಳ್ಳುತ್ತದೆ.

ಪರಿಹಾರಗಳು ಎರಡು. ಎಲ್ಲ ಮೊತ್ತವನ್ನೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಂಡು, ಮುದ್ರಿಸುವಾಗ ಮಾತ್ರ ರೂಪಾಯಿಗೆ ಪರಿವರ್ತಿಸುವುದು ಮೊದಲನೆಯದು. ಪೈಥಾನ್‌ನೊಂದಿಗೇ ಬರುವ ಡೆಸಿಮಲ್ ಎಂಬ ಸೌಲಭ್ಯವನ್ನು ಬಳಸುವುದು ಎರಡನೆಯದು. ಇದು ಶಾಲೆಯಲ್ಲಿ ಕಲಿತ ದಶಮಾಂಶ ಕ್ರಮದಲ್ಲಿಯೇ ಲೆಕ್ಕ ಮಾಡುತ್ತದೆ. ಇದರಲ್ಲಿಯೂ ಒಂದು ಎಚ್ಚರ ಅಗತ್ಯ: 0.1 ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಅಕ್ಷರವಾಗಿ ಕೊಡಬೇಕು. ಚಿಹ್ನೆಯಿಲ್ಲದೆ ಕೊಟ್ಟರೆ ಮೊದಲೇ ಅಂದಾಜಾಗಿರುವ ಸಂಖ್ಯೆಯನ್ನೇ ಅದು ಕೊನೆಯ ಅಂಕಿಯವರೆಗೂ ನಿಷ್ಠೆಯಿಂದ ನಕಲು ಮಾಡಿಕೊಳ್ಳುತ್ತದೆ.

ಐವತ್ತು ಪೈಸೆ ಮೇಲಕ್ಕೋ, ಕೆಳಕ್ಕೋ?

25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಲೆಕ್ಕದಲ್ಲಿ ಪೈಸೆ ಉಳಿದಿದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ 170ನೆಯ ಕಲಮಿನ ಪ್ರಕಾರ ಸಂದಾಯ ಮಾಡಬೇಕಾದ ತೆರಿಗೆ, ಬಡ್ಡಿ, ದಂಡ ಮುಂತಾದ ಮೊತ್ತಗಳನ್ನು ಹತ್ತಿರದ ರೂಪಾಯಿಗೆ ಸರಿಹೊಂದಿಸಬೇಕು. ಐವತ್ತು ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಬೇಕು, ಕಡಿಮೆಯಿದ್ದರೆ ಬಿಡಬೇಕು. ಈ ಮಾತಿನಲ್ಲಿ ಯಾವ ಸಂದಿಗ್ಧವೂ ಇಲ್ಲ.

ಪೈಥಾನ್ 3ರ ರೌಂಡ್ ಎಂಬ ಆಜ್ಞೆಯು ಪಾಲಿಸುವುದು ಬೇರೆ ನಿಯಮವನ್ನು. ಸರಿಯಾಗಿ ಅರ್ಧಕ್ಕೆ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೊಂದಿಸುತ್ತದೆ. ರೌಂಡ್(113.5) ಎಂದರೆ 114 ಬರುತ್ತದೆ, ಅದು ಕಾಯ್ದೆಗೆ ಅನುಗುಣವಾಗಿಯೇ ಇದೆ. ರೌಂಡ್(112.5) ಎಂದರೆ ಬರುವುದು 112. ಕಾಯ್ದೆಯ ಪ್ರಕಾರ ಅದು 113 ಆಗಬೇಕಾಗಿತ್ತು. ಒಂದು ಉದಾಹರಣೆಯನ್ನು ಮಾತ್ರ ಪರೀಕ್ಷಿಸಿ ತೃಪ್ತರಾದವರಿಗೆ ಈ ವ್ಯತ್ಯಾಸ ಗೋಚರಿಸುವುದೇ ಇಲ್ಲ. ಅನೇಕ ಮೊತ್ತಗಳನ್ನು ಕೂಡುವಾಗ ಏರಿಕೆ ಇಳಿಕೆಗಳು ಸಮತೋಲವಾಗಲೆಂಬ ಉದ್ದೇಶದಿಂದ ಈ ಪದ್ಧತಿಯನ್ನು ಅಳವಡಿಸಲಾಗಿದೆ. ಸಂಖ್ಯಾಶಾಸ್ತ್ರಕ್ಕೆ ಅದು ಉಚಿತವೇ ಇರಬಹುದು. ತೆರಿಗೆಯ ಲೆಕ್ಕಕ್ಕೆ ಕಾಯ್ದೆಯ ಮಾತೇ ಅಂತಿಮ. ಡೆಸಿಮಲ್ ಸೌಲಭ್ಯದಲ್ಲಿ ಅರ್ಧವನ್ನು ಮೇಲಕ್ಕೆ ಏರಿಸುವ ರೌಂಡ್ ಹಾಫ್ ಅಪ್ ಎಂಬ ಕ್ರಮವನ್ನು ಸ್ಪಷ್ಟವಾಗಿ ಸೂಚಿಸಲು ಅವಕಾಶವಿದೆ. ಅದನ್ನೇ ಬಳಸಬೇಕು.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟೊಂದು ಮಹತ್ವವೇ ಎಂಬ ಪ್ರಶ್ನೆ ಸಹಜ. ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರದ ಅನುಭವವು ಇದಕ್ಕೆ ಉತ್ತರ ನೀಡುತ್ತದೆ. ಅಲ್ಲಿ 1982ರ ಜನವರಿಯಲ್ಲಿ 1000 ಅಂಶಗಳಿಂದ ಹೊಸ ಸೂಚ್ಯಂಕವನ್ನು ಆರಂಭಿಸಲಾಯಿತು. ಪ್ರತಿ ವಹಿವಾಟಿನ ನಂತರ ಸೂಚ್ಯಂಕವನ್ನು ಪುನಃ ಲೆಕ್ಕ ಹಾಕುವಾಗ ಮೂರು ದಶಮಾಂಶ ಸ್ಥಾನಗಳ ನಂತರದ ಅಂಕಿಗಳನ್ನು ಸರಿಹೊಂದಿಸದೆ ಸುಮ್ಮನೆ ಕತ್ತರಿಸಿಹಾಕಲಾಗುತ್ತಿತ್ತು. ದಿನಕ್ಕೆ ಸಾವಿರಾರು ಬಾರಿ ನಡೆದ ಈ ಕತ್ತರಿಯಿಂದಾಗಿ 1983ರ ನವೆಂಬರ್ ವೇಳೆಗೆ ಸೂಚ್ಯಂಕವು 524.811ಕ್ಕೆ ಕುಸಿಯಿತು. ಲೆಕ್ಕವನ್ನು ಸರಿಪಡಿಸಿದಾಗ ಬಂದ ನಿಜವಾದ ಅಂಕಿ 1098.892. ಪೇಟೆ ಏರಿದ್ದಾಗ ಸೂಚ್ಯಂಕವು ಅರ್ಧಕ್ಕೆ ಇಳಿದಂತೆ ತೋರಿಸಿತ್ತು. ಪೈಸೆಯ ಸಾವಿರದ ಒಂದು ಭಾಗವೂ ನಿತ್ಯ ಒಂದೇ ದಿಕ್ಕಿಗೆ ಸೋರಿದರೆ ಏನಾಗುವುದೆಂಬುದಕ್ಕೆ ಇದು ಸಾಕ್ಷಿ.

ತಿಂಗಳ ಕೊನೆಯ ದಿನ ಎಲ್ಲಿ ಹೋಯಿತು?

ಒಂದೇ ಕೆಲಸವನ್ನು ದಿನದಿನಕ್ಕೂ ಪುನರಾವರ್ತಿಸಲು ರೇಂಜ್ ಎಂಬ ಆಜ್ಞೆಯನ್ನು ಬಳಸುತ್ತಾರೆ. ಮಾರ್ಚ್ ತಿಂಗಳ ಮಾರಾಟವನ್ನು ಕೂಡಿಸಲು ರೇಂಜ್(1, 31) ಎಂದು ಬರೆಯುವುದು ಆರಂಭಿಕರಿಗೆ ಸಹಜವಾಗಿ ತೋರುತ್ತದೆ. ಆದರೆ ಪೈಥಾನ್ ಕೊನೆಯ ಸಂಖ್ಯೆಯನ್ನು ಸೇರಿಸಿಕೊಳ್ಳುವುದಿಲ್ಲ, 30ಕ್ಕೇ ನಿಲ್ಲುತ್ತದೆ. ಮಾರ್ಚ್ 31ರ, ಅಂದರೆ ಹಣಕಾಸು ವರ್ಷದ ಅಂತಿಮ ದಿನದ, ಮಾರಾಟವೇ ಲೆಕ್ಕದಿಂದ ಹೊರಗುಳಿಯುತ್ತದೆ. ರೇಂಜ್(1, 32) ಎಂದು ಬರೆಯಬೇಕು.

ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗಕ್ಕೂ ಪೈಥಾನ್‌ನಲ್ಲಿ ಅರ್ಥವಿದೆ. ಯಾವ ಸಾಲುಗಳು ಪುನರಾವರ್ತನೆಯ ಒಳಗೆ ಸೇರಿವೆ, ಯಾವುವು ಹೊರಗಿವೆ ಎಂಬುದನ್ನು ಅದು ಈ ಜಾಗದಿಂದಲೇ ನಿರ್ಧರಿಸುತ್ತದೆ. ಒಟ್ಟು = 0 ಎಂಬ ಸಾಲು ಪುನರಾವರ್ತನೆಗೆ ಮೊದಲೇ ಇರಬೇಕಾದುದು. ಅದು ಅಕಸ್ಮಾತ್ ಒಳಕ್ಕೆ ಸರಿದರೆ ಪ್ರತಿ ಬಿಲ್ಲಿಗೂ ಒಟ್ಟು ಮೊತ್ತ ಸೊನ್ನೆಗೆ ಮರಳಿ, ಕೊನೆಗೆ ಉಳಿಯುವುದು ಅಂತಿಮ ಬಿಲ್ಲಿನ ಮೊತ್ತ ಮಾತ್ರ. ಯಾವ ದೋಷದ ಸೂಚನೆಯೂ ಬರುವುದಿಲ್ಲ. ಪ್ರತಿ ಹಂತಕ್ಕೂ ನಾಲ್ಕು ಖಾಲಿ ಜಾಗಗಳನ್ನೇ ಬಿಡುವ ರೂಢಿಯನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳುವುದು ಹಿತಕರ.

ಒಂದೇ ಪಟ್ಟಿಗೆ ಎರಡು ಹೆಸರು

ನಿನ್ನೆಯ ದರಪಟ್ಟಿಯನ್ನು ಹಾಗೆಯೇ ಉಳಿಸಿಕೊಂಡು, ಅದರ ಪ್ರತಿಯಲ್ಲಿ ಇಂದಿನ ದರಗಳನ್ನು ತಿದ್ದಬೇಕೆಂದು ಭಾವಿಸೋಣ. ಆರಂಭಿಕರು ಇಂದಿನ_ದರ = ನಿನ್ನೆಯ_ದರ ಎಂದು ಬರೆಯುತ್ತಾರೆ. ಇದರಿಂದ ಪ್ರತಿ ತಯಾರಾಗುವುದಿಲ್ಲ. ಒಂದೇ ಪುಸ್ತಕದ ರಟ್ಟಿನ ಮೇಲೆ ಎರಡನೆಯ ಚೀಟಿ ಅಂಟಿಸಿದಂತಾಗುತ್ತದೆ ಅಷ್ಟೆ. ಇಂದಿನ ದರವನ್ನು ತಿದ್ದಿದರೆ ನಿನ್ನೆಯದೂ ತಿದ್ದುಪಡಿಯಾಗಿ, ಏರಿಳಿತವನ್ನು ಹೋಲಿಸಿದಾಗ ಎಲ್ಲೆಡೆಯೂ ಸೊನ್ನೆ ಬರುತ್ತದೆ. ಪ್ರತಿ ಬೇಕಾದಲ್ಲಿ ಕಾಪಿ ಎಂಬ ಆಜ್ಞೆಯನ್ನು ಬಳಸಬೇಕು. ಪಟ್ಟಿಯೊಳಗೆ ಇನ್ನೊಂದು ಪಟ್ಟಿ ಇದ್ದರೆ ಡೀಪ್‌ಕಾಪಿ ಎಂಬ ಆಜ್ಞೆ ಅಗತ್ಯ.

ಇದೇ ಜಾತಿಯ ಇನ್ನೊಂದು ಸಮಸ್ಯೆ ಗಿರಾಕಿಯ ಮುಂದೆಯೇ ಮುಜುಗರ ತರುವಂಥದು. ಬಿಲ್ಲು ತಯಾರಿಸುವ ಒಂದು ಫಂಕ್ಷನ್ ಬರೆದು, ಸರಕುಗಳ ಪಟ್ಟಿಯನ್ನು ಕೊಡದಿದ್ದರೆ ಖಾಲಿ ಪಟ್ಟಿಯಿಂದ ಆರಂಭಿಸು ಎಂದು ಅದರ ತಲೆಸಾಲಿನಲ್ಲಿಯೇ ಸೂಚಿಸಿದಾಗ, ಆ ಖಾಲಿ ಪಟ್ಟಿಯು ಪ್ರತಿ ಬಿಲ್ಲಿಗೂ ಹೊಸದಾಗಿ ಹುಟ್ಟುವುದಿಲ್ಲ. ಫಂಕ್ಷನ್ ರೂಪುಗೊಂಡಾಗ ಒಂದೇ ಬಾರಿ ಹುಟ್ಟುತ್ತದೆ. ಮೊದಲ ಗಿರಾಕಿಯ ಸರಕುಗಳು ಅದರಲ್ಲಿಯೇ ಉಳಿದು ಎರಡನೆಯ ಗಿರಾಕಿಯ ಬಿಲ್ಲಿಗೆ ಸೇರುತ್ತವೆ. ತಲೆಸಾಲಿನಲ್ಲಿ ಏನೂ ಇಲ್ಲ ಎಂಬರ್ಥದ ನನ್ ಎಂಬ ಪದವನ್ನು ಕೊಟ್ಟು, ಹೊಸ ಪಟ್ಟಿಯನ್ನು ಫಂಕ್ಷನ್ನಿನ ಒಳಗೆ ಸೃಷ್ಟಿಸುವುದು ಇದಕ್ಕೆ ಪರಿಹಾರ.

ಕಡತಗಳು, ದಿನಾಂಕಗಳು, ಮುಚ್ಚಿಟ್ಟ ದೋಷಗಳು

ಕಡತವನ್ನು ಡಬ್ಲ್ಯು ಎಂಬ ಅಕ್ಷರ ಕೊಟ್ಟು ತೆರೆದರೆ, ಅದರಲ್ಲಿದ್ದ ಹಳೆಯ ವಿವರವೆಲ್ಲ ಆ ಕ್ಷಣವೇ ಅಳಿಸಿಹೋಗುತ್ತದೆ. ಕೊನೆಯಲ್ಲಿ ಸೇರಿಸಲು ಎ ಎಂಬ ಅಕ್ಷರವನ್ನೂ, ಅದೇ ಹೆಸರಿನ ಕಡತ ಇದ್ದರೆ ಮುಟ್ಟಬಾರದೆಂದಿದ್ದರೆ ಎಕ್ಸ್ ಎಂಬ ಅಕ್ಷರವನ್ನೂ ಬಳಸಬೇಕು. ತೆರಿಗೆಯ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ವಿವರಣಪಟ್ಟಿಯ ಅಂತಿಮ ದಿನಾಂಕದಿಂದ 72 ತಿಂಗಳ ಕಾಲ ಕಾಪಾಡಬೇಕಾದ ಹೊಣೆ ವರ್ತಕನ ಮೇಲಿರುವಾಗ ಈ ಒಂದಕ್ಷರದ ವ್ಯತ್ಯಾಸವು ಅಲ್ಪವಲ್ಲ. ಗಿರಾಕಿಗಳ ಹೆಸರುಗಳು ಕನ್ನಡದಲ್ಲಿದ್ದರೆ ಕಡತವನ್ನು ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಸೂಚಿಸಬೇಕು.

05-04-2025 ಎಂಬುದು ನಮಗೆ ಏಪ್ರಿಲ್ 5. ತಿಂಗಳನ್ನು ಮೊದಲು ಬರೆಯುವ ಅಮೆರಿಕದ ಕ್ರಮದಲ್ಲಿ ಅದು ಮೇ 4. ದಿನಾಂಕವನ್ನು ಓದಿಸುವಾಗ ದಿನ, ತಿಂಗಳು, ವರ್ಷಗಳ ಕ್ರಮವನ್ನು ಹೇಳಿಕೊಡದಿದ್ದರೆ ಬಾಕಿಯ ದಿನಗಳು ಏರುಪೇರಾಗುತ್ತವೆ. ತಾರೀಖು 12 ದಾಟಿದ ಮೇಲೆ ಇಂತಹ ಗೊಂದಲವೇ ಇಲ್ಲದಿರುವುದರಿಂದ ತಿಂಗಳ ಉತ್ತರಾರ್ಧದ ಉದಾಹರಣೆಗಳಲ್ಲಿ ತಪ್ಪು ಗೊತ್ತಾಗದೆ ಹೋಗಬಹುದು.

ಎಲ್ಲಕ್ಕಿಂತ ಅಪಾಯಕಾರಿಯಾದುದು ದೋಷವನ್ನು ಬಾಯಿಮುಚ್ಚಿಸುವ ಅಭ್ಯಾಸ. ಟ್ರೈ, ಎಕ್ಸೆಪ್ಟ್ ಮತ್ತು ಪಾಸ್ ಎಂಬ ಪದಗಳನ್ನು ಜೋಡಿಸಿ, ಯಾವ ತೊಂದರೆ ಬಂದರೂ ಮುಂದೆ ಸಾಗು ಎಂದು ಬರೆಯಬಹುದು. ಕೆಂಪು ಅಕ್ಷರಗಳ ಕಾಟ ತಪ್ಪುತ್ತದೆ. ಆದರೆ ಸಾವಿರ ಬಿಲ್ಲುಗಳ ಪೈಕಿ ಓದಲಾಗದ ನಲವತ್ತು ಬಿಲ್ಲುಗಳು ಸದ್ದಿಲ್ಲದೆ ಕಣ್ಮರೆಯಾಗಬಹುದು. ಮೊದಲನೆಯ ವಿಧದ ನಿರುಪದ್ರವಿ ತಪ್ಪನ್ನು ಎರಡನೆಯ ವಿಧದ ಹಾನಿಕಾರಕ ತಪ್ಪಾಗಿ ನಾವೇ ಮಾರ್ಪಡಿಸಿಕೊಂಡಂತೆ ಇದು. ದತ್ತಾಂಶ ಹೀಗೆ ಮಾಯವಾದರೆ ದೊಡ್ಡ ಸಂಸ್ಥೆಗಳೂ ಎಡವುತ್ತವೆ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯು ಹಳೆಯ ಎಕ್ಸೆಲ್ ಕಡತ ಮಾದರಿಯ 65,536 ಸಾಲುಗಳ ಮಿತಿಯಿಂದಾಗಿ ಸುಮಾರು 16,000 ಕೋವಿಡ್ ಪ್ರಕರಣಗಳನ್ನು ಸಕಾಲದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಅಲ್ಲಿ ಪೈಥಾನ್ ಕಾರಣವಲ್ಲ. ಒಳಹೋದ ಸಾಲುಗಳೆಷ್ಟು, ಹೊರಬಂದ ಸಾಲುಗಳೆಷ್ಟು ಎಂಬ ಎಣಿಕೆ ಎಲ್ಲೆಡೆಯೂ ಅಗತ್ಯವೆಂಬುದು ಅದರ ಪಾಠ.

ನಂಬುವ ಮೊದಲು ತಾಳೆ ನೋಡಿ

ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳಿದ ಪ್ರೋಗ್ರಾಂ ಅನ್ನು ಕ್ಷಣಾರ್ಧದಲ್ಲಿ ಬರೆದುಕೊಡುತ್ತವೆ. ಬರೆದವರು ಯಾರೇ ಆಗಿರಲಿ, ಮೇಲೆ ವಿವರಿಸಿದ ಅಪಾಯಗಳು ಮಾತ್ರ ಅವೇ. ಬಿಲ್ಲಿನ ಮೇಲಿನ ಸಹಿ ವರ್ತಕನದು, ಹೊಣೆಯೂ ಅವನದೇ. ಆದುದರಿಂದ ಹೊಸ ಪ್ರೋಗ್ರಾಂ ಅನ್ನು ಕೆಲಸಕ್ಕೆ ಹಚ್ಚುವ ಮೊದಲು ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ.

1. ಈಗಾಗಲೇ ಲೆಕ್ಕ ಮುಗಿದು ತಾಳೆಯಾಗಿರುವ ಹಿಂದಿನ ಒಂದು ತಿಂಗಳ ವಿವರವನ್ನು ಕೊಟ್ಟು, ಉತ್ತರ ಪೈಸೆಯವರೆಗೂ ಹೊಂದುತ್ತದೆಯೇ ಎಂದು ನೋಡಬೇಕು.

2. ಓದಿದ ಬಿಲ್ಲುಗಳ ಸಂಖ್ಯೆ ಮತ್ತು ಲೆಕ್ಕಕ್ಕೆ ಬಂದ ಬಿಲ್ಲುಗಳ ಸಂಖ್ಯೆ, ಎರಡನ್ನೂ ಪ್ರೋಗ್ರಾಂ ತಾನೇ ಮುದ್ರಿಸುವಂತಿರಬೇಕು.

3. ಗಿರಾಕಿವಾರು ಮೊತ್ತಗಳ ಒಟ್ಟು ಮತ್ತು ದಿನವಾರು ಮೊತ್ತಗಳ ಒಟ್ಟು ಒಂದೇ ಆಗಿರಬೇಕು.

4. ಅಂಚಿನ ಉದಾಹರಣೆಗಳನ್ನು ಬೇಕೆಂದೇ ಕೊಟ್ಟು ಪರೀಕ್ಷಿಸಬೇಕು: ಸರಿಯಾಗಿ ಐವತ್ತು ಪೈಸೆಯ ಎರಡು ಮೂರು ಮೊತ್ತಗಳು, ತಿಂಗಳ ಕೊನೆಯ ದಿನ, ಸರಕೇ ಇಲ್ಲದ ಬಿಲ್ಲು, ಹಿಂದಿರುಗಿ ಬಂದ ಮಾಲು.

5. ಮೂಲ ಕಡತದ ಪ್ರತಿಯನ್ನು ಪ್ರೋಗ್ರಾಂ ತಲುಪಲಾಗದ ಬೇರೆ ಕಡೆ ಇರಿಸಬೇಕು. ಮೊದಲ ತಿಂಗಳು ಹಳೆಯ ಪದ್ಧತಿಯನ್ನೂ ಜೊತೆಯಲ್ಲಿಯೇ ಮುಂದುವರಿಸಬೇಕು.

ಇನ್ನೊಂದು ಮಾತನ್ನೂ ಗಮನದಲ್ಲಿಡಬೇಕು. ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಕಂಪನಿಗಳು ಲೆಕ್ಕಪುಸ್ತಕಗಳಿಗೆ ಬಳಸುವ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಮೇತ ದಾಖಲಿಸುವಂತಿರಬೇಕು, ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲು ಬರುವಂತಿರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸ್ವಂತ ಪ್ರೋಗ್ರಾಂ ಇಂತಹ ಲೆಕ್ಕಪುಸ್ತಕಕ್ಕೆ ಬದಲಿಯಾಗಲಾರದು. ಹೋಲಿಕೆ, ವಿಂಗಡಣೆ ಮತ್ತು ಪರಿಶೀಲನೆಗೆ ಅದು ಉತ್ತಮ ಸಹಾಯಕವಾಗಬಲ್ಲದು.

ಹೊಸ ಗುಮಾಸ್ತನನ್ನು ನೇಮಿಸಿಕೊಂಡಾಗ ಮೊದಲ ದಿನವೇ ತಿಜೋರಿಯ ಕೀಲಿಯನ್ನು ಯಾರೂ ಕೊಡುವುದಿಲ್ಲ. ಕೆಲವು ಕಾಲ ಅವನ ಲೆಕ್ಕವನ್ನು ತಿರುವಿ ನೋಡಿ, ಶಿಲ್ಕು ಸರಿಹೋಗುತ್ತದೆಂದು ಮನವರಿಕೆಯಾದ ಮೇಲೆ ಹೊಣೆ ವಹಿಸುತ್ತಾರೆ. ಪ್ರೋಗ್ರಾಂ ವಿಷಯದಲ್ಲಿಯೂ ವರ್ತಕರು ಇದೇ ವಿವೇಕವನ್ನು ಪಾಲಿಸಿದರೆ, ಪೈಥಾನ್ ಅವರ ವ್ಯವಹಾರಕ್ಕೆ ನಿಜವಾದ ಅನುಕೂಲವನ್ನು ಒದಗಿಸಬಲ್ಲದು.